ಎರಡನೆಯ ಬಿಸ್ಕತ್ತು

ಬೌಕ್ಯೆ ಆ ಲೋಲ್ಕೆಗೆ ಎರಡನೆಯ ಬಿಸ್ಕತ್ತು ಕೊಟ್ಟದ್ದೇ ಎಲ್ಲದಕ್ಕೂ ಮೂಲ.

ಅದರಲ್ಲೇನು ಮಹಾ ಎಂದು ನೀವು ಕೇಳಬಹುದು. ನಮ್ಮ ಫ್ರೀಸ್‌ಲ್ಯಾಂಡ್ ಕಡೆ ಯಾರೂ ಹಾಗೆ ಕೇಳುವುದಿಲ್ಲ. ಇಲ್ಲಿ ಬಂದವರಿಗೆ ಕಾಫಿ ಕೊಡುತ್ತಾರೆ, ಬಿಸ್ಕತ್ತಿನ ಡಬ್ಬ ಮುಂದೆ ಹಿಡಿಯುತ್ತಾರೆ, ಅವರು ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಟಪ್ಪೆಂದು ಮುಚ್ಚಿ ಡಬ್ಬ ಒಳಗಿಡುತ್ತಾರೆ. ಪಾದ್ರಿ ಬಂದರೂ ಒಂದೇ, ಬೀಗರು ಬಂದರೂ ಒಂದೇ. ಗೆರ್ಬೆನ್ ಬೌಕ್ಯೆಯನ್ನು ಮದುವೆಯಾಗಿ ನಲವತ್ತು ವರ್ಷದ ಮೇಲಾಗಿತ್ತು. ಒಂದು ಕಪ್ ಕಾಫಿಗೆ ಎರಡು ಬಿಸ್ಕತ್ತನ್ನು ಅವನು ಹೆಂಡತಿಯ ಕೈಯಿಂದ ಕಂಡವನಲ್ಲ. ಜ್ವರ ಬಂದು ಮಲಗಿದಾಗಲೂ ಕಂಡಿರಲಿಲ್ಲ.

ಆವತ್ತು ಬೆಳಿಗ್ಗೆ ಅವನು ತನ್ನ ಹಾಯಿದೋಣಿಯ ಮುಂಭಾಗದಲ್ಲಿ ಕೂತು, ಬೌಕ್ಯೆ ಹಿಂದಿನ ದಿನ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಸರಿಯಾಗಿ ಕಟ್ಟುತ್ತಿದ್ದ. ಟೆರ್‌ಸ್ಕೆಲ್ಲಿಂಗ್ ದ್ವೀಪದ ಬಂದರಿನಲ್ಲಿ ಬೇಸಿಗೆಯ ಜನಜಂಗುಳಿ. ಜಾಗ ಸಾಲದೆ ದೋಣಿಗಳನ್ನು ಒಂದರ ಪಕ್ಕ ಒಂದು ಕಟ್ಟಿದ್ದರು. ಲೋಲ್ಕೆಯ ದೋಣಿ ಇವರದರ ಹೊರಮಗ್ಗುಲಿಗಿತ್ತು. ಅವನು ದಡಕ್ಕೆ ಹೋಗಬೇಕೆಂದರೆ ಇವರ ದೋಣಿ ದಾಟಿಯೇ ಹೋಗಬೇಕು. ಹಾಗೆ ದಾಟುವವರು ಮುಂಭಾಗದಿಂದ ದಾಟುವುದು ಮರ್ಯಾದೆ, ಏಕೆಂದರೆ ಹಿಂಭಾಗದಲ್ಲಿ ಮನೆಮಂದಿ ಕೂತಿರುತ್ತಾರೆ. ಈ ಲೋಲ್ಕೆ ಮೂರು ದಿನದಿಂದ ಹಿಂಭಾಗದಿಂದಲೇ ದಾಟುತ್ತಿದ್ದ. ದಾಟುವವನು ಅಲ್ಲೇ ಕೂತುಬಿಡುತ್ತಿದ್ದ. ಹೆಂಡತಿ ತೀರಿಕೊಂಡ ಮನುಷ್ಯ, ತಲೆ ತುಂಬ ಬೆಳ್ಳಿಕೂದಲು, ಸೊಂಟದಲ್ಲಿ ಕೊಬ್ಬಿಲ್ಲ.

ಡಬ್ಬದ ಮುಚ್ಚಳದ ಸದ್ದು ಕೇಳಲಿಲ್ಲವಲ್ಲ ಎಂದು ಗೆರ್ಬೆನ್ ತಲೆಯೆತ್ತಿ ನೋಡಿದ. ಬೌಕ್ಯೆ ಲೋಲ್ಕೆಯ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದಳು. ಡಬ್ಬ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಲೋಲ್ಕೆ ತಲೆಯಾಡಿಸುತ್ತ ಕೈ ಹಾಕಿ ಇನ್ನೊಂದನ್ನು ಎತ್ತಿಕೊಂಡ.

ಗೆರ್ಬೆನ್‌ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಉರಿಗೆ ಎಣ್ಣೆ ಹೊಯ್ಯಲು ಪಕ್ಕದ ದೋಣಿಯ ದೂಚೆ ಇದ್ದೇ ಇದ್ದಳು. ಬಂದರಿನಲ್ಲಿ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಒಲೆಯ ಯಜಮಾನರಿಗಿಂತ ಮೊದಲು ತಿಳಿಯುವ ಹೆಂಗಸು ಅವಳು. ಒದ್ದೆ ಬಟ್ಟೆ ಹಿಂಡುತ್ತ, ಇವನ ಕಡೆ ನೋಡದೆಯೇ ಶುರುಮಾಡಿದಳು. ಲೋಲ್ಕೆ ಎಷ್ಟು ಒಳ್ಳೆಯವನು, ತಾನೇ ಅಡುಗೆ ಮಾಡಿಕೊಳ್ಳುತ್ತಾನೆ, ಹೆಂಗಸರ ಮಾತನ್ನು ಪೂರ್ತಿ ಕೇಳುತ್ತಾನೆ, ನಡುವೆ ಬಾಯಿ ಹಾಕುವುದಿಲ್ಲ. ಆಮೇಲೆ ದನಿ ತಗ್ಗಿಸಿದಳು. "ನಾನು ಹೇಳಿದೆ ಅಂತ ತಿಳ್ಕೋಬೇಡ ಗೆರ್ಬೆನ್. ನಿನ್ನೆ ನೀನು ಸ್ನಾನಕ್ಕೆ ಹೋದಾಗಲೂ ಇಬ್ಬರೂ ಗುಸುಗುಸು ಅಂತಿದ್ರು. ಎರಡು ವಾರ ಅಂತ ಏನೋ ಕಿವಿಗೆ ಬಿತ್ತು."

ಎರಡು ವಾರ! ಗೆರ್ಬೆನ್ ಅದೇ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ.

ಈ ಗೆರ್ಬೆನ್ ಕೆಲಸದಲ್ಲಿದ್ದಾಗ ಕಾರು ಓಡಿಸುವವರ ಪರೀಕ್ಷೆ ಮಾಡುತ್ತಿದ್ದವನು. ಪಕ್ಕದ ಸೀಟಿನಲ್ಲಿ ಕೂತು ಜನರ ತಪ್ಪು ಹುಡುಕುವುದೇ ಅವನ ಅನ್ನ. ನಿವೃತ್ತಿಯಾದ ಮೇಲೆ ದೋಣಿ ಕೊಂಡ. ಬೇಸಿಗೆಯಿಡೀ ಗಂಡ ಹೆಂಡತಿ ಇಬ್ಬರೇ ಕರಾವಳಿಯ ನೀರಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವುದು, ಬೇಕಾದಲ್ಲಿ ಲಂಗರು ಹಾಕುವುದು ಅವನ ಬಹುಕಾಲದ ಕನಸು. ಚುಕ್ಕಾಣಿ ಅವನದು, ಹಗ್ಗ ಅವಳದು. ಅವಳು ಹಗ್ಗ ಎಸೆದರೆ ಹೇಗೆ ಎಸೆಯಬೇಕಿತ್ತು ಎಂದು ಹೇಳುವನು, ಆಲೂಗಡ್ಡೆ ಸುಲಿದರೆ ಸಿಪ್ಪೆ ದಪ್ಪವಾಯಿತು ಎನ್ನುವನು. ಹೇಳುವುದೆಲ್ಲ ಪ್ರೀತಿಯಿಂದಲೇ. ಆ ಹೆಂಗಸನ್ನು ಬಿಟ್ಟರೆ ಅವನಿಗೆ ಲೋಕದಲ್ಲಿ ಬೇರೆ ದಿಕ್ಕಿರಲಿಲ್ಲ. ಅವಳು ಕೈಬಿಟ್ಟು ಹೋದರೆ ತನ್ನ ಗತಿಯೇನು ಎಂದು ಅವನು ಮೊದಲ ಸಲ ಯೋಚಿಸಿದ್ದು ಆ ಬೆಳಿಗ್ಗೆ.

ತಕ್ಷಣ ಹೊರಡಬೇಕು ಎಂದು ತೀರ್ಮಾನಿಸಿದ. ಆದರೆ ಒಳಗಿನ ದೋಣಿ ಹೊರಡಬೇಕೆಂದರೆ ಹೊರಗಿನ ದೋಣಿ ಸರಿಯಬೇಕು. ಹೆಂಡತಿಯನ್ನು ಯಾರಿಂದ ದೂರ ಒಯ್ಯಬೇಕೋ ಅವನನ್ನೇ ಹೋಗಿ ಬೇಡುವ ಪರಿಸ್ಥಿತಿ. ಬಂದರಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ನೀನು ಎಂದೇ ಕರೆಯುವುದು. ಗೆರ್ಬೆನ್ ಮಾತ್ರ ಎದೆ ಸೆಟೆಸಿ, ದಯವಿಟ್ಟು ತಾವು ಸ್ವಲ್ಪ ದಾರಿ ಬಿಡುತ್ತೀರಾ ಎಂದು ಕೇಳಿದ. ಲೋಲ್ಕೆಗೆ ಆ ಚುಚ್ಚು ತಾಗಲೇ ಇಲ್ಲ. ಎಲ್ಲಿಗೆ ಎಂದು ವಿಚಾರಿಸಿದ. ಮೊದಲೇ ಗೊತ್ತುಮಾಡಿದ್ದನ್ನು ಬೌಕ್ಯೆ ಕೂತಲ್ಲಿಂದಲೇ ಹೇಳಿಬಿಟ್ಟಳು, ಇವತ್ತು ದಕ್ಷಿಣದ ಮರಳುದಿಬ್ಬಕ್ಕೆ, ಇಳಿತದಲ್ಲಿ ದೋಣಿ ನೆಲಕ್ಕೆ ಕೂರಿಸೋದಕ್ಕೆ ಅಂತ.

"ಒಳ್ಳೇದಾಯ್ತು ಮಾರಾಯ. ನನಗೂ ದೋಣಿಯ ತಳ ಉಜ್ಜೋದಿತ್ತು. ನಾನೂ ಬರ್ತೀನಿ," ಎಂದ ಲೋಲ್ಕೆ.

ನಮ್ಮ ವಾಡೆನ್ ಕಡಲಿನಲ್ಲಿ ಇದೊಂದು ಸುಖ. ಉಬ್ಬರವಿದ್ದಾಗ ದಿಬ್ಬದ ಮೇಲೆ ಹೋಗಿ ಲಂಗರು ಹಾಕಿದರಾಯಿತು, ನೀರು ಇಳಿದು ಹೋಗುತ್ತದೆ, ಚಪ್ಪಟೆ ತಳದ ದೋಣಿ ಮರಳ ಮೇಲೆ ಮೆಲ್ಲಗೆ ಕೂರುತ್ತದೆ. ಇಳಿದು ಅಡ್ಡಾಡಬಹುದು, ಸಿಂಪಿ ಆರಿಸಬಹುದು. ಮುಂದಿನ ಉಬ್ಬರ ಬಂದು ಎತ್ತಿಕೊಂಡಾಗ ಮನೆಯ ದಾರಿ ಹಿಡಿಯಬಹುದು. ಗೆರ್ಬೆನ್‌ಗೆ ಮಾತ್ರ ಆವತ್ತು ಬೇಕಾಗಿದ್ದದ್ದು ಲೋಲ್ಕೆ ಬರಲಾಗದ ಜಾಗ. ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಿದ್ದೇ ನೋಡಿದ್ದು. ಆ ಬೆಳ್ಳಿತಲೆ ಒಂದೇ ಅಂತರದಲ್ಲಿ ಬರುತ್ತಲೇ ಇತ್ತು. ಬೌಕ್ಯೆ ಒಮ್ಮೆ ಅವನಿಗೆ ಕೈ ಬೀಸಿದಳು. ಗೆರ್ಬೆನ್ ಹಲ್ಲು ಕಡಿದ.

ದಿಬ್ಬ ಬಂದಾಗ ನೀರು ತುಂಬಿ ತುಳುಕುತ್ತಿತ್ತು. ಹುಣ್ಣಿಮೆಯ ಉಬ್ಬರ, ಜೊತೆಗೆ ಪಡುವಣ ಗಾಳಿ ಬೇರೆ ಸಮುದ್ರವನ್ನು ಒಳಕ್ಕೆ ತಳ್ಳಿತ್ತು. ಲೋಲ್ಕೆ ದಿಬ್ಬದ ಅಂಚಿನಲ್ಲೇ ಲಂಗರು ಇಳಿಸಿದ. ಗೆರ್ಬೆನ್ ನಿಲ್ಲಲಿಲ್ಲ. ಅವನ ದೋಣಿಗೆ ಸೊಂಟದಷ್ಟು ನೀರೂ ಬೇಡ, ಲೋಲ್ಕೆಯದಕ್ಕೆ ಅದಕ್ಕಿಂತ ಹೆಚ್ಚೇ ಬೇಕು. ದಿಬ್ಬದ ನೆತ್ತಿಯ ಮೇಲೆಯೇ ಏರಿಸುತ್ತ ಹೋದ.

ದೋಣಿ ನಡೆಸುವ ವಿಷಯದಲ್ಲಿ ಎಂದೂ ಮಾತಾಡದ ಬೌಕ್ಯೆ ಬಾಯಿಬಿಟ್ಟಳು. ಇವತ್ತಿನ ನೀರೇ ಈ ಹುಣ್ಣಿಮೆಯ ದೊಡ್ಡ ನೀರು, ನಾಳೆಯಿಂದ ತಗ್ಗುತ್ತ ಹೋಗುತ್ತದೆ, ಗಾಳಿಯೂ ಬಿದ್ದುಹೋಗುತ್ತಿದೆ, ಇಷ್ಟು ಮೇಲೆ ಬೇಡ ಎಂದಳು. ದೋಣಿಯ ರೇಡಿಯೊದಲ್ಲಿ ಲೋಲ್ಕೆಯ ದನಿಯೂ ಬಂತು. "ಗೆರ್ಬೆನ್, ಅಲ್ಲಿ ಬೇಡ ಮಾರಾಯ. ಸಂಜೆ ನೀರು ಅಲ್ಲೀವರೆಗೆ ಬರಲ್ಲ. ನನ್ನ ಪಕ್ಕಕ್ಕೆ ಬಾ, ಜಾಗ ಇದೆ."

ನನ್ನ ಪಕ್ಕಕ್ಕೆ ಬಾ ಅಂತೆ. ಗೆರ್ಬೆನ್ ರೇಡಿಯೊ ಆರಿಸಿದ.

"ಈ ದೋಣಿಗೆ ಕ್ಯಾಪ್ಟನ್ ಯಾರು?" ಎಂದು ಹೆಂಡತಿಯನ್ನು ಕೇಳಿದ.

ಬೌಕ್ಯೆ ಅವನ ಮುಖವನ್ನೊಮ್ಮೆ ನೋಡಿದಳು, ಲೋಲ್ಕೆಯ ದೋಣಿಯ ಕಡೆಯೊಮ್ಮೆ ನೋಡಿದಳು. "ನೀನೇ," ಎಂದಳು. ಆಮೇಲೆ ಹೋಗಿ ತಾನೇ ಲಂಗರು ಇಳಿಸಿ ಬಂದಳು. ಅಷ್ಟು ಬೇಗ ಒಪ್ಪಿದಳಲ್ಲ ಎಂದು ಗೆರ್ಬೆನ್‌ಗೆ ಖುಷಿಯಾಯಿತು.

ನೀರಿಳಿಯಿತು. ದಿಬ್ಬದ ನೆತ್ತಿಯ ಮೇಲೆ ಗೆರ್ಬೆನ್‌ನ ದೋಣಿ ದೊರೆಯ ಹಾಗೆ ಕೂತಿತು. ಆದರೆ ಒಂದು ವಿಷಯ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದೋಣಿ ಬರಲಾಗದ ಜಾಗಕ್ಕೆ, ನೀರಿಳಿದ ಮೇಲೆ, ಮನುಷ್ಯ ನಡೆದುಕೊಂಡು ಬರಬಹುದು. ಲೋಲ್ಕೆ ಪ್ಯಾಂಟು ಮಡಚಿಕೊಂಡು, ಒಂದು ಬಕೆಟ್ಟು ಸಿಂಪಿ ಹಿಡಿದು ಬರಿಗಾಲಲ್ಲಿ ನಡೆದೇ ಬಂದ. ಬೌಕ್ಯೆ ಈರುಳ್ಳಿ ಹಾಕಿ ಬೇಯಿಸಿದಳು. ಅವರಿಬ್ಬರೂ ಮರಳ ಮೇಲೆ ಕೂತು ತಿಂದರು. ಗೆರ್ಬೆನ್ ತನಗೆ ಹಸಿವಿಲ್ಲ ಎಂದು ಹೇಳಿ ದೋಣಿಯ ತಳಕ್ಕೆ ಅಂಟಿದ ಪಾಚಿ ಉಜ್ಜತೊಡಗಿದ. ಎಷ್ಟು ಉಜ್ಜಿದನೆಂದರೆ ಅಲ್ಲಲ್ಲಿ ಬಣ್ಣವೂ ಎದ್ದುಬಂತು. ಉಜ್ಜುವಾಗ ಕಿವಿಯೆಲ್ಲ ಅತ್ತಲೇ. ಗಾಳಿಯಲ್ಲಿ ತುಂಡು ತುಂಡಾಗಿ ಮಾತು ತೇಲಿ ಬರುತ್ತಿತ್ತು. ಇನ್ನು ತಡೆಯೋಕಾಗಲ್ಲ ಎಂದು ಬೌಕ್ಯೆ ಅಂದದ್ದು ಕೇಳಿಸಿತು. ಪಾಪ, ನಿನ್ನ ಸ್ಥಿತಿ ನನಗರ್ಥ ಆಗುತ್ತೆ ಎಂದು ಲೋಲ್ಕೆ ಅಂದದ್ದೂ ಕೇಳಿಸಿತು. ಗೆರ್ಬೆನ್‌ನ ಕಣ್ಣಲ್ಲಿ ನೀರು ಬಂತು. ಪಾಚಿಯ ಘಾಟು ಎಂದು ತನಗೆ ತಾನೇ ಹೇಳಿಕೊಂಡ.

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ನೀರು ತಿರುಗಿ ಬಂತು. ಲೋಲ್ಕೆಯ ದೋಣಿ ಅಲುಗಾಡಿ ತೇಲಿತು. ಗೆರ್ಬೆನ್ ಚುಕ್ಕಾಣಿ ಹಿಡಿದು ಸಿದ್ಧನಾಗಿ ನಿಂತ. ನೀರು ಬಂತು, ದೋಣಿಯ ತಳವನ್ನು ಸವರಿತು, ಮೊಣಕಾಲಿನವರೆಗೆ ಏರಿತು. ಅಲ್ಲಿಗೆ ನಿಂತಿತು. ಗೆರ್ಬೆನ್ ಎಂಜಿನ್ನು ಚಾಲೂ ಮಾಡಿದ, ಕಂಬವೂರಿ ತಳ್ಳಿದ, ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಓಡಿ ಕುಣಿದ. ದೋಣಿ ಮಿಸುಕಲಿಲ್ಲ. ನೀರು ಹಿಂದಕ್ಕೆ ಹೊರಟಿತು. ಇನ್ನು ಇಷ್ಟು ದೊಡ್ಡ ಉಬ್ಬರ ಬರಬೇಕೆಂದರೆ ಅಮಾವಾಸ್ಯೆಯೇ ಬರಬೇಕು, ಅದಕ್ಕೆ ಎರಡು ವಾರ.

ಆಗ ಲೋಲ್ಕೆ ತನ್ನ ಪುಟ್ಟ ರಬ್ಬರ್ ದೋಣಿ ಎಳೆದುಕೊಂಡು ನೀರಲ್ಲಿ ನಡೆದು ಬಂದ. ಬೌಕ್ಯೆ ಒಳಗೆ ಚೀಲಕ್ಕೆ ಏನೋ ತುಂಬಿಕೊಳ್ಳುತ್ತಿದ್ದಳು. ಗೆರ್ಬೆನ್‌ಗೆ ಎಲ್ಲವೂ ಸ್ಪಷ್ಟವಾಯಿತು. ನೀರಿಗೆ ಧುಮುಕಿ ಅವನೆದುರು ನಿಂತ. ಗದರಬೇಕೆಂದುಕೊಂಡಿದ್ದ, ಬಾಯಿ ತೆರೆದರೆ ಬೇಡುವಂತಾಯಿತು.

"ಅವಳನ್ನ ಕರ್ಕೊಂಡು ಹೋಗಬೇಡಿ. ನನಗೆ ಬೇರೆ ಯಾರೂ ಇಲ್ಲ."

ಲೋಲ್ಕೆ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಅರ್ಥವಾಯಿತು. "ಅಯ್ಯೋ ಮಾರಾಯ, ನೀನು ಹಾಗಂದ್ಕೊಂಡ್ಯಾ? ನಿನ್ನ ಹೆಂಡತಿ ಮೂರು ದಿನದಿಂದ ನನ್ನ ಹತ್ರ ಕೇಳ್ತಿರೋದು ಒಂದೇ. ಗೆರ್ಬೆನ್‌ನ ಎರಡು ವಾರ ನಿನ್ನ ದೋಣೀಲಿ ಇಟ್ಕೋ, ನಾನು ಸ್ವಲ್ಪ ಒಬ್ಬಳೇ ಇರ್ತೀನಿ ಅಂತ."

ಗೆರ್ಬೆನ್‌ಗೆ ಹೋದ ಜೀವ ಬಂದಂತಾಯಿತು. ಅವನನ್ನು ತಬ್ಬಿಕೊಳ್ಳಬೇಕೆನಿಸಿತು. "ಅಷ್ಟೇನಾ? ಮತ್ತೆ ನೀನೇನಂದೆ?"

ಲೋಲ್ಕೆ ನೀರಲ್ಲಿ ತನ್ನ ಕಾಲ್ಬೆರಳು ನೋಡುತ್ತ ನಿಂತ. "ಬೇಜಾರು ಮಾಡ್ಕೋಬೇಡ. ಆಗಲ್ಲ ಅಂದೆ. ಇವತ್ತು ಎರಡನೇ ಬಿಸ್ಕತ್ತು ಕೊಟ್ಟು ಕೇಳಿದಳು. ಡಬ್ಬ ಪೂರ್ತಿ ಕೊಟ್ಟರೂ ನನ್ನ ಕೈಲಾಗಲ್ಲ ಅಂತ ಹೇಳಿಬಿಟ್ಟೆ."

ಅಷ್ಟರಲ್ಲಿ ಬೌಕ್ಯೆ ಚೀಲ ಹಿಡಿದು ಹೊರಗೆ ಬಂದಳು. ಬ್ರೆಡ್ಡು ಎಲ್ಲಿದೆ, ನೀರು ಎಷ್ಟಿದೆ, ಬಟಾಣಿ ಸೂಪಿನ ಡಬ್ಬಗಳು ಎಲ್ಲಿವೆ ಎಂದೆಲ್ಲ ಹೇಳಿದಳು. ಗಾಳಿ ಎದ್ದರೆ ಲಂಗರು ನೋಡಿಕೊಳ್ಳಲು ದೋಣಿಯಲ್ಲಿ ಒಬ್ಬರು ಇರಲೇಬೇಕು, ಅದು ಕ್ಯಾಪ್ಟನ್ನನ ಕೆಲಸ ಎಂದಳು. ಲೋಲ್ಕೆ ಅವಳನ್ನು ಆಚೆ ದಡದ ಹಾರ್ಲಿಂಗನ್ ಬಂದರಿನಲ್ಲಿ ಇಳಿಸುತ್ತಾನೆ, ಅಲ್ಲಿಂದ ಬಸ್ಸು ಹಿಡಿದು ಮನೆಗೆ.

"ಲೋಲ್ಕೆನೂ ಬರ್ತಾನಾ ಮನೆಗೆ?" ಗೆರ್ಬೆನ್ ಕೇಳಿಯೇ ಬಿಟ್ಟ.

"ಲೋಲ್ಕೆ ಯಾಕೆ ಬರಬೇಕು?" ಬೌಕ್ಯೆಗೆ ನಿಜಕ್ಕೂ ಆಶ್ಚರ್ಯವಾಯಿತು. "ಅವನೂ ಗಂಡಸೇ ತಾನೇ. ನಾಲ್ಕು ದಿನ ಇದ್ದರೆ ಆಲೂಗಡ್ಡೆ ಹೇಗೆ ಸುಲಿಯಬೇಕು ಅಂತ ಅವನೂ ಹೇಳ್ತಾನೆ."

ನಮ್ಮವರ ಪದ್ಧತಿಯಂತೆ ಗಂಡನ ಕೆನ್ನೆಗೆ ಮೂರು ಮುತ್ತು ಕೊಟ್ಟಳು. ಪ್ರೀತಿಯಿಂದಲೇ ಕೊಟ್ಟಳು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ರಬ್ಬರ್ ದೋಣಿಯಲ್ಲಿ ಕೂತು, ಚೀಲ ಮಡಿಲಲ್ಲಿಟ್ಟುಕೊಂಡು ಹೊರಟಳು.

ಗೆರ್ಬೆನ್ ಮೊಣಕಾಲುದ್ದದ ನೀರಲ್ಲೇ ನಿಂತಿದ್ದ. ಹೊಟ್ಟೆಯ ಉರಿ ಆರಿರಲಿಲ್ಲ, ಬೆಳಿಗ್ಗೆಗಿಂತ ಹೆಚ್ಚೇ ಆಗಿತ್ತು. ಗಂಡಸೊಬ್ಬ ಅಡ್ಡ ಬಂದಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು, ಬೈಯಬಹುದಿತ್ತು, ಕಡೆಗೆ ಕಾಲಾದರೂ ಹಿಡಿಯಬಹುದಿತ್ತು. ಅವನ ಹೆಂಡತಿ ಮನಸೋತದ್ದು ತಮ್ಮದೇ ಖಾಲಿ ಮನೆಗೆ.