ಸೀರೆಯ ಪುಟಕ್ಕೆ ನಾನು ಮಾಡಿದ ಸುಧಾರಣೆ

ಅಂತರ್ಜಾಲದ ವಿಶ್ವಕೋಶದಲ್ಲಿ ಇಳಕಲ್ ಸೀರೆಯ ಲೇಖನ ಓದಿದ ಕ್ಷಣವೇ ಅದನ್ನು ಉದ್ಧರಿಸಲು ಪಣ ತೊಟ್ಟೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಹುಡುಗರ ಪ್ರಬಂಧ ತಿದ್ದಿ ಪಳಗಿದ ಕೈ ನನ್ನದು. ಕನ್ನಡಕ್ಕೆ ನಾನಲ್ಲದೆ ಇನ್ನಾರು ಗತಿ!

ಲೇಖನಕ್ಕೆ ತಲೆಯಿಲ್ಲ, ಬುಡವಿಲ್ಲ. ನಡುವೆ ಮಗ್ಗದ ಮುಂದೆ ಕುಳಿತ ಮುದುಕರೊಬ್ಬರ ಸೊಟ್ಟ ಫೋಟೋ. ಅಡಿಯಲ್ಲಿ, "ನೇಕಾರ ಶಂಕ್ರಪ್ಪನವರು, ಭಾಳ ಛಲೋ ಮನುಷ್ಯಾರು." ಸಾಕ್ಷಾತ್ ನನ್ನ ಮಾವ! ಇಳಕಲ್ಲಿನ ಯಾರೋ ಅಭಿಮಾನಿಯ ಕೆಲಸವಿರಬೇಕು. ವಿಶ್ವಕೋಶದಲ್ಲಿ ಬೀಗತನ ನಡೆಯದೆಂದು ಕಿತ್ತು ಹಾಕಿ, ಹೆಂಡತಿ ಬಸವೇಶ್ವರಿಗೆ ಹೆಮ್ಮೆಯಿಂದ ಹೇಳಿದೆ.

"ನಮ್ಮಪ್ಪ ಐತವಾರ ಬೀಗರನ್ನ ಕರ್ಕೊಂಡ ಬರಾಕತ್ತಾರ್ರಿ, ಆ ಫೋಟೋ ತೋರ್ಸಾಕ. ಊರ ತುಂಬ ಹೇಳ್ಕೊಂಡಾರ."

"ನಿಯಮ ಅಂದ್ರ ನಿಯಮ."

ಅವಳು ತಲೆಯಾಡಿಸಿ ಒಳಗೆ ಹೋದಳು. ನನ್ನ ಮಾತಿನ ತೂಕವೇ ಅಂಥದ್ದು.

ಸ್ವಲ್ಪ ಹೊತ್ತಿಗೆ 'ಸೆರಗು' ಎಂಬ ಹೆಸರಿಟ್ಟುಕೊಂಡ ಯಾವನೋ, ಮೀಸೆಯವನೇ ಇರಬೇಕು, ಫೋಟೋ ಮರಳಿ ಹಾಕಿದ. ನಾನು ತೆಗೆದೆ. ಅವನು ಹಾಕಿದ. ನಾನು ತೆಗೆದೆ. ಮತ್ತೆ ಹಾಕಿದ. ಚರ್ಚೆಯ ಪುಟದಲ್ಲಿ ಗುಡುಗಿದೆ: "ನಿಮಗೆ ಇಳಕಲ್ ಸೀರೆಯ ಗಂಧವೂ ಇಲ್ಲ. ಉಟ್ಟವರನ್ನು ಕೇಳಿ ಬರೆಯಿರಿ."

ಉತ್ತರ ಬಂತು: "ಉಟಗೊಂಡ ಬರೀಲಿಕ್ಕತ್ತೇನಿ."

ಎಂಥ ಉದ್ಧಟ! ವಿಶ್ವಕೋಶದ ನಿರ್ವಾಹಕರಿಗೆ ದೂರು ಕೊಟ್ಟೆ. ತೀರ್ಪು ಬಂದಿತು: "ಎರಡೂ ಖಾತೆಗಳು ಒಂದೇ ಮನೆಯ ಸಂಪರ್ಕದಿಂದ ಬರೆಯುತ್ತಿವೆ. ನೀವು ಒಬ್ಬರೇ ಎರಡು ವೇಷ ಹಾಕಿ ಜಗಳವಾಡುತ್ತಿದ್ದೀರಿ. ಎರಡನ್ನೂ ನಿರ್ಬಂಧಿಸಲಾಗಿದೆ." ಪುಟಕ್ಕೂ ಬೀಗ ಬಿತ್ತು. ಕೊನೆಯ ತಿದ್ದುಪಡಿ ಸೆರಗಿನದಾದ್ದರಿಂದ ಮಾವ ಅಲ್ಲೇ ಸೊಟ್ಟಗೆ ಉಳಿದರು.

ಒಳಕೋಣೆಗೆ ಓಡಿದೆ. ಇಳಕಲ್ ಸೀರೆ ಉಟ್ಟು, ಮೊಬೈಲ್ ಹಿಡಿದು, ಧರ್ಮಪತ್ನಿ ಆರಾಮಾಗಿ ಕುಳಿತಿದ್ದಳು.

"ಸೆರಗು ನೀನೇನ?"

"ಮದುವ್ಯಾಗ ಸ್ವಾಮಗೋಳು ನೀವಿಬ್ರೂ ಒಂದ ಅಂದಿದ್ರು. ನಾ ನಂಬಿರಲಿಲ್ಲ. ಈಗ ಆಧಾರ ಸಿಕ್ತ ನೋಡ್ರಿ."

ಐತವಾರ ಮಾವ ಅಮೀನಗಡದ ಕರದಂಟು ಹಿಡಿದು, ಬೀಗರ ಸಮೇತ ಬಂದರು. ಪರದೆಯ ಮೇಲೆ ತಮ್ಮನ್ನು ಕಂಡು ಕಣ್ಣು ಒರೆಸಿಕೊಂಡರು. ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಮಾವ ಮಗಳನ್ನು ಕೇಳಿದರು.

"ಯಾವನೋ ಇದನ್ನ ಮತ್ತ ಮತ್ತ ತಗೀತಿದ್ನಂತಲ್ಲವಾ, ಯಾರಂವ ಶ್ಯಾಣ್ಯಾ?"

ಬಸವೇಶ್ವರಿ ನನ್ನ ಕೈಗೆ ಚಹಾದ ಕಪ್ಪು ಕೊಡುತ್ತ ಹೇಳಿದಳು:

"ನೀವ ಹತ್ತೂರ ಅಡ್ಡಾಡಿ ಹುಡುಕಿ ತಂದಾಂವ, ಅಪ್ಪಾ."