ಎಂಜಿನ್ ಎಷ್ಟು ಕಾದೈತಿ?

ನದಿ ದಾಟಿಸುವ ಕೆಲಸದಲ್ಲಿ ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಟಿಕೆಟ್ ತಗೊಂಡು ಬಂದು ಬೋಟಿನಲ್ಲಿ ಕೂಡುತ್ತವೆ. ಮಕ್ತಲ್ ಕಡೆಯ ದಂಡೆಯಿಂದ ಗದ್ವಾಲ್ ಕಡೆಯ ದಂಡೆಗೆ ಕೃಷ್ಣಾ ಹೊಳೆಯಲ್ಲಿ ನಾನು ಬೋಟು ನಡೆಸುತ್ತೇನೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡೆದವನು. ಟ್ರ್ಯಾಕ್ಟರಿನಲ್ಲಿ ಎಂಜಿನ್ ಕಾದರೆ ಒಂದು ಮುಳ್ಳು ಹಸಿರಿನಿಂದ ಕೆಂಪಿಗೆ ಹೋಗುತ್ತಿತ್ತು, ಅಷ್ಟೇ. ಮಾಲಕರು ತಂದ ಹೊಸ ಬೋಟಿನಲ್ಲಿ ಮುಳ್ಳೂ ಇಲ್ಲ, ಬಣ್ಣವೂ ಇಲ್ಲ. ಅಂಗೈಯಗಲದ ಡಿಜಿಟಲ್ ಪರದೆ, ಅದರ ತುಂಬ ಅಂಕಿ. ಇದನ್ನು ತಿಳಿದುಕೊಳ್ಳದೆ ಬಿಡುವವನಲ್ಲ ಎಂದು ಹಟ ಹಿಡಿದೆ.

೧. ನೂರಾ ಎಂಬತ್ತು

ಮೊದಲ ದಿನ. ಬೋಟಿನ ತುಂಬ ಜನ. ನಡುಹೊಳೆಗೆ ಬಂದಾಗ ಪರದೆ ನೋಡಿದೆ: ನೂರಾ ಎಂಬತ್ತು ಡಿಗ್ರಿ! ನೂರಕ್ಕೆ ನೀರು ಕುದಿಯುತ್ತದೆ ಅನ್ನುವಷ್ಟು ಶಾಲೆ ನಾನೂ ಕಲಿತಿದ್ದೇನೆ. ತಕ್ಷಣ ಎಂಜಿನ್ ಬಂದ್ ಮಾಡಿಬಿಟ್ಟೆ.

"ಏಮಾಯೆ, ಏಮಾಯೆ?" ಏನಾಯಿತೆಂದು ಗದ್ವಾಲಿನವರು ತೆಲುಗಿನಲ್ಲಿ ಕೂಗಿದರು.

"ಎಂಜಿನ್ ಸುಟ್ಟು ಹೊಂಟೈತ್ರಿ!" ಅಂದೆ.

ಜನರ ನಡುವೆ ಕೂತಿದ್ದ ಒಬ್ಬ ಮೇಷ್ಟ್ರು ಎದ್ದು ಬಂದು, ಕನ್ನಡಕ ಏರಿಸಿ ಪರದೆ ನೋಡಿದರು. "ಅಂಕಿ ಮುಂದ ಸಣ್ಣದೊಂದು ಅಕ್ಷರ ಐತಿ, ಕಂಡಿಲ್ಲೇನು? ಇದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಾಗ ಎಂಬತ್ತೆರಡು. ಏನೂ ಆಗಿಲ್ಲ, ಚಾಲೂ ಮಾಡು."

ಎಂಜಿನ್ ಚಾಲೂ ಆಯಿತು. ಪಕ್ಕದಲ್ಲಿ ನಾರಾಯಣಪೇಟೆಯ ಕಡೆಯ ಒಬ್ಬ ನೇಕಾರ ಅಜ್ಜಿ, ಸೀರೆಗಂಟು ತೊಡೆಯ ಮೇಲಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಮೇಷ್ಟ್ರಿಗೆ ಕೈಮುಗಿದು ಹೇಳಿದಳು: "ಕೈ ಸೈತ ಹಚ್ಚದ ನೂರು ಡಿಗ್ರಿ ಇಳಿಸಿದ್ರಿ. ಒಮ್ಮೆ ನಮ್ಮ ಮನಿಗೆ ಬರ್ರಿ, ನನ್ನ ಸೊಸೀನ್ನ ತೋರಿಸ್ತೀನಿ."

೨. ಫೋನಿನಲ್ಲಿ ಮಾಲಕರು

ಎರಡು ಗುಂಡಿ ಒಟ್ಟಿಗೆ ಒತ್ತಿಹಿಡಿದರೆ ಅಂಕಿ ನಮ್ಮ ಲೆಕ್ಕಕ್ಕೆ ಬರುತ್ತದೆ ಎಂದು ಮೂರು ದಿನ ಒದ್ದಾಡಿ ಕಂಡುಹಿಡಿದೆ. ಆದರೆ ಒಂದು ಗುಂಡಿ ಒತ್ತಿದರೆ ಪುಟವೇ ತಿರುಗುತ್ತದೆ, ಒಂದರಲ್ಲಿ ಬಿಸಿ, ಇನ್ನೊಂದರಲ್ಲಿ ಬ್ಯಾಟರಿಯ ವೋಲ್ಟು ಅನ್ನುವುದು ಇನ್ನೂ ಗೊತ್ತಾಗಿರಲಿಲ್ಲ. ಮಕ್ತಲಿನಿಂದ ಮಾಲಕರು ದಿನಾ ಫೋನ್ ಮಾಡಿ ವಿಚಾರಿಸುವರು.

"ಎಂಜಿನ್ ಎಷ್ಟೈತಿ?"

"ಹದಿಮೂರು ಪಾಯಿಂಟ್ ಎಂಟು ಐತ್ರಿ."

"ಎಷ್ಟು?"

"ಹದಿಮೂರು ಪಾಯಿಂಟ್ ಎಂಟ್ರಿ. ಬೇಫಿಕರ್ ಇರ್ರಿ, ಭಾಳ ತಂಪೈತಿ."

ಮಾಲಕರು ಅಂದರು: "ಹಂಗಾರ ಎರಡು ಸೋಡಾ ಬಾಟ್ಲಿ ಅದರ ಮ್ಯಾಲ ಇಟ್ಟಿರು. ಬಿಸಿಲಾಗ ಬರಾಕ್ಹತ್ತೀನಿ."

೩. ಎಪ್ಪತ್ತೆಂಟರ ವೇಗ

ಅಂದಿನಿಂದ ಒಂದು ನೋಟುಬುಕ್ ಇಟ್ಟೆ. ಜನ ಎಷ್ಟಿದ್ದಾಗ ಎಷ್ಟು ಬಿಸಿ, ಎದುರುಗಾಳಿಗೆ ಎಷ್ಟು, ಎಂಜಿನ್ ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ, ಎಲ್ಲ ಬರೆದೆ. ನಾನು ಓದುವುದನ್ನು ನೋಡಿ ಜನರೂ ಪರದೆ ಓದತೊಡಗಿದರು.

ಉಟ್ಕೂರಿನ ರೈತನೊಬ್ಬ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಫೋನಿನಲ್ಲಿ ಆಚೆ ದಂಡೆಯ ಬೀಗನಿಗೆ ಕೂಗಿ ಹೇಳುತ್ತಿದ್ದ: "ಎಪ್ಪತ್ತೆಂಟರ ಸ್ಪೀಡಿನ್ಯಾಗ ಹೊಂಟೀವಿ ಮಾರಾಯಾ! ಬಸ್ಸಿಗೂ ಇಷ್ಟು ಓಟಿಲ್ಲ!"

ಅದು ವೇಗವಲ್ಲ, ಬಿಸಿ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ದಂಡೆಯ ಹತ್ತಿರ ಈಜುತ್ತಿದ್ದ ಎಮ್ಮೆಯೊಂದು ಬೋಟಿನ ಪಕ್ಕದಲ್ಲೇ ಬಂದು, ನಮ್ಮನ್ನು ಹಿಂದೆ ಹಾಕಿ ಹೋಯಿತು. ರೈತ ಅದನ್ನು ನೋಡಿದ, ಪರದೆ ನೋಡಿದ, ಫೋನಿಗೆ ದನಿ ತಗ್ಗಿಸಿದ.

"ಬೀಗಾ, ಇಲ್ಲೊಂದು ಎಮ್ಮಿ ಎಂಬತ್ತು ದಾಟೈತಿ. ಯಾರದಂತ ಕೇಳಿ ಇಡು, ಕೊಳ್ಳೂನು."

೪. ಹನ್ನೆರಡನೆಯ ಸೀರೆ

ಇದು ನಡೆದ ದಿನ ನಗು ಬಂದಿರಲಿಲ್ಲ.

ಅದೇ ನೇಕಾರ ಅಜ್ಜಿ ಹನ್ನೆರಡು ಸೀರೆಯ ಗಂಟು ಹೊತ್ತು ಬಂದಿದ್ದಳು. ಗದ್ವಾಲ್ ದಂಡೆಯಲ್ಲಿ ವ್ಯಾಪಾರಿ ಕಾಯುತ್ತಿದ್ದ. ಅವತ್ತೇ ಹನ್ನೆರಡೂ ಮುಟ್ಟಿಸದಿದ್ದರೆ ಆರ್ಡರು ಬೇರೆಯವರಿಗೆ ಎಂದು ಹೇಳಿದ್ದನಂತೆ. ಗಾಳಿ ಜೋರಿತ್ತು. ನಡುಹೊಳೆ ದಾಟುತ್ತಲೇ ಅಂಕಿ ಏರತೊಡಗಿತು. ಎಂಬತ್ತೆಂಟು. ತೊಂಬತ್ತಮೂರು. ತೊಂಬತ್ತೆಂಟು. ವೇಗ ತಗ್ಗಿಸಿದೆ. ಥಟ್ಟನೆ ಅಂಕಿ ಅರವತ್ತಕ್ಕೆ ಬಿತ್ತು.

"ಇಳೀತು, ಇಳೀತು!" ಎಂದು ಜನ ಚಪ್ಪಾಳೆ ಹೊಡೆದರು.

ನಾನು ಎಂಜಿನ್ ಬಂದ್ ಮಾಡಿದೆ.

"ತಂಪಾದ ಮ್ಯಾಲ ಯಾಕ ನಿಂದರಿಸಿದಿ? ತಲಿ ಕೆಟ್ಟೈತೇನು?" ಎಂದು ಎಲ್ಲರೂ ಬೈದರು.

"ಕಾದ ಎಂಜಿನ್ ಇಷ್ಟು ಜಲ್ದಿ ತಣ್ಣಗಾಗೂದಿಲ್ರಿ. ನೋಟುಬುಕ್ಕಿನಾಗ ಒಂದು ದಿನಾನೂ ಹಿಂಗ ಬರದಿಲ್ಲ. ಬಿಸಿ ಅಳೆಯೋ ಮೊಳಿ ನೀರಾಗ ಮುಳುಗಿರಬೇಕು. ಎಂಜಿನ್ ತಂಪಿಡೋ ಒಳಗಿನ ನೀರೇ ಸೋರಿ ಹೋಗೈತಿ, ಅದು ಬರೇ ಗಾಳಿ ಅಳೆಯಾಕ್ಹತ್ತೈತಿ!"

ಎಂಜಿನ್ನಿನ ಮುಚ್ಚಳ ಎತ್ತಿದೆ. ಹೌದು, ನೀರಿನ ರಬ್ಬರ್ ಪೈಪು ಗೇಣುದ್ದ ಸೀಳಿತ್ತು. ಲಂಗರು ಹಾಕಿದೆವು, ಮರಳಲ್ಲಿ ಅದೂ ನಿಲ್ಲದೆ ಗಾಳಿಗೆ ಬೋಟು ಬಂಡೆಗಳ ಕಡೆ ಸರಿಯುತ್ತಿತ್ತು. ಇಬ್ಬರು ಗಳ ಹಿಡಿದು ಬಂಡೆಗೆ ಒತ್ತಿ ನಿಂತರು. ಎಂಜಿನ್ ಆರಲಿ ಎಂದು ಕಾದು, ನನ್ನ ಟವೆಲ್ ಹರಿದು ಪೈಪಿಗೆ ಸುತ್ತಿದೆ. ಬಿಗಿ ಎಳೆದರೆ ಎಳೆಎಳೆಯಾಗಿ ಪಿಸಿಯಿತು. ಇನ್ನೊಬ್ಬರ ಹೆಗಲ ವಲ್ಲಿ, ಅದೂ ಪಿಸಿಯಿತು.

ಅಜ್ಜಿ ಗಂಟು ಬಿಚ್ಚಿದಳು. ಕೆಂಪು ಅಂಚಿನ ಒಂದು ಸೀರೆ ತೆಗೆದು, ಕಣ್ಣು ಮುಚ್ಚಿ ಪರ್ರೆಂದು ಉದ್ದಕ್ಕೆ ಸೀಳಿದಳು. "ಹನ್ನೆರಡೂ ನೀರಪಾಲು ಆಗೂದಕಿಂತ ಒಂದು ಹೋಗಲಿ. ತಗೋ, ಕೈಮಗ್ಗದ್ದು, ಪಿಸಿಯಂಗಿಲ್ಲ. ಎಳಿ!"

ಅಂಚಿನ ಸಮೇತ ಸುತ್ತಿ, ಕಾಲು ಕೊಟ್ಟು ಎಳೆದು ಕಟ್ಟಿದೆ. ಹೊಳೆಯ ನೀರು ತುಂಬಿಸಿ ಚಾಲೂ ಮಾಡಿದೆ. ಅಂಕಿ ನಿಧಾನಕ್ಕೆ ಏರಿ ಎಂಬತ್ತೈದಕ್ಕೆ ನಿಂತಿತು. ಆಮೆಯ ಹಾಗೆ ತೆವಳಿ ದಂಡೆ ಮುಟ್ಟಿದೆವು.

ವ್ಯಾಪಾರಿ ಇನ್ನೂ ಅಲ್ಲೇ ಇದ್ದ. ಸೀರೆ ಎಣಿಸಿದ. ಮತ್ತೊಮ್ಮೆ ಎಣಿಸಿದ. "ಹನ್ನೊಂದೇ ಅದಾವು. ಇನ್ನೊಂದೆಲ್ಲಿ ಐತವ್ವಾ?"

ಅಜ್ಜಿ ತಲೆ ತಗ್ಗಿಸಲಿಲ್ಲ. "ಎಂಜಿನ್ ಉಟ್ಕೊಂಡೈತ್ರಿ."

ಆತ ನಂಬದೆ ಬೋಟು ಹತ್ತಿ ಬಂದ. ನಾನು ಮುಚ್ಚಳ ಎತ್ತಿ ತೋರಿಸಿದೆ. ಬಗ್ಗಿದ; ಅಭ್ಯಾಸಬಲದಿಂದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ. ಆರ್ಡರು ಹೋಯಿತೆಂದೇ ನಾವು ಅಂದುಕೊಂಡೆವು.

"ಹನ್ನೊಂದೂ ತಗೋತೀನಿ, ಮುಂದಿನ ಆರ್ಡರೂ ನಿನಗ," ಅಂದ. "ನೇಯ್ಗಿ ಗಟ್ಟಿ ಐತವ್ವಾ." ಆಮೇಲೆ ನನ್ನ ಕಡೆ ತಿರುಗಿ ಮುಖ ಸಿಂಡರಿಸಿದ: "ಆದ್ರ ಉಡಿಸಿದೋನಿಗೆ ನೆರಿಗಿ ಹಿಡಿಯಾಕ ಬರಂಗಿಲ್ಲ."