ಸೇತುವೆಯನ್ನು ಬೇರೆಯಾಗಿ ಮಾರುವ ಕಂಪನಿಗೆ

ಗೆ,
ಪ್ರಧಾನ ವ್ಯವಸ್ಥಾಪಕರು,
ಟಿ.ವಿ.ಗೆ ಜೋಡಿಸುವ ಗೇಮ್ ಪೆಟ್ಟಿಗೆಗಳ ಮಹಾ ಕಂಪನಿ
(ಊರಿನ ಹೆಸರು ಡಬ್ಬದ ಮೇಲಿದೆ, ಆದರೆ ಅಕ್ಷರ ಬಹಳ ಸಣ್ಣದು)

ಚನ್ನಪಟ್ಟಣ, ಸೋಮವಾರ, 14-9-2009

ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ತಮ್ಮ ಗೋದಾಮಿನಲ್ಲಿ ಇನ್ನೂ ಇಡಿಯಾಗಿ ಉಳಿದಿರಬಹುದಾದ ಆಟಗಳಿಗೂ ಚನ್ನಪಟ್ಟಣದ ಗೊಂಬೆ ಕೆಲಸದವರ ಬೀದಿಯಿಂದ ದೇವರಾಜು ಮಾಡುವ ನಮಸ್ಕಾರಗಳು. ನಾನು ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಆದ್ದರಿಂದ ಅರ್ಧಕ್ಕೆ ನಿಲ್ಲಿಸುವವರ ಮೇಲೆ ನನಗೆ ಮೊದಲಿನಿಂದಲೂ ಗೌರವವಿದೆ. ವ್ಯತ್ಯಾಸವಿಷ್ಟೇ: ಬಿಟ್ಟ ಮೇಲೆ ನಾನು ಹತ್ತನೇ ತರಗತಿ ಪಾಸಾದವನಂತೆ ಹಣೆಯ ಮೇಲೆ ಚಿತ್ರ ಅಂಟಿಸಿಕೊಂಡು ತಿರುಗಲಿಲ್ಲ.

ನಾಲ್ಕು ವರ್ಷ ಬಾಬಾಜಾನ್ ಸಾಬರ ಲೇತಿನಲ್ಲಿ ಗೊಂಬೆ ತಿರುಗಿಸಿ ಕೂಡಿಟ್ಟ ಹಣದಲ್ಲಿ ತಮ್ಮ ಪೆಟ್ಟಿಗೆಯನ್ನೂ ಕುದುರೆ ಆಟದ ಡಿಸ್ಕನ್ನೂ ಬೆಂಗಳೂರಿನಿಂದ ತಂದೆ. ಸಾಬರು ತಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಯಿಲ್ಲದೆ ಕೊಟ್ಟರು. ಗಂಟೆಗೆ ಹತ್ತು ರೂಪಾಯಿಯಂತೆ ಆಡಿಸಿಕೊಂಡು ಬದುಕು ಎಂದರು. ಒಂದೇ ಷರತ್ತು ಹಾಕಿದರು: "ನೋಡು ದೇವ, ಈ ಬಾಗ್ಲಲ್ಲಿ ಯಾವತ್ತು ಸುಳ್ಳು ಮಾತು ಬತ್ತದೋ ಅವತ್ತು ನಿನ್ ಟಿ.ವಿ. ಬೀದೀಲಿರ್ತದೆ."

ಪೆಟ್ಟಿಗೆ ತಂದ ಒಂಬತ್ತನೇ ದಿನ ತಾವು ಮೂರು ಸಾವಿರ ರೂಪಾಯಿ ಬೆಲೆ ಇಳಿಸಿ, ಪತ್ರಿಕೆಯಲ್ಲಿ ಅರ್ಧ ಪುಟದಷ್ಟು 'ಸಿಹಿ ಸುದ್ದಿ' ಕೊಟ್ಟಿರಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ರೇಟು ಬೀಳುತ್ತದೆ, ಆದರೆ ಹಿಂದಿನ ದಿನ ಹೆಚ್ಚು ಕೊಟ್ಟು ಕೊಂಡವನ ಮನೆಗೆ ಯಾರೂ ಸಿಹಿ ಹಂಚಲು ಬರುವುದಿಲ್ಲ. ತಮ್ಮ ಧಾರಾಳತನ ಕಂಡು ಮೂಕನಾಗಿದ್ದೇನೆ. ಆ ಒಂಬತ್ತು ದಿನ ಆಡಿದ ಆಟವನ್ನೆಲ್ಲ ಹಿಂದಿರುಗಿಸಲು ಸಿದ್ಧನಿದ್ದೇನೆ. ತಾವು ಆ ಒಂಬತ್ತು ದಿನಗಳನ್ನು ವಾಪಸ್ಸು ತೆಗೆದುಕೊಳ್ಳುವ ಕೌಂಟರ್ ಎಲ್ಲಿದೆ ಎಂದು ತಿಳಿಸಬೇಕು.

ಪೆಟ್ಟಿಗೆ ಕಾಯುವುದರ ಬಗ್ಗೆ ನನ್ನ ದೂರಿಲ್ಲ. ಲೇತಿನಲ್ಲಿ ಮರ ತಿರುಗಿ ಕಾದರೆ ತಾನೇ ಅರಗು ಕರಗಿ ಬಣ್ಣ ಹಿಡಿಯುವುದು? ಎದುರು ಮನೆಯ ದೊಡ್ಡಲಕ್ಷ್ಮಮ್ಮನವರು ದೋಸೆ ಹಿಟ್ಟಿನ ಪಾತ್ರೆಯನ್ನು ಅದರ ಪಕ್ಕದಲ್ಲಿಡುತ್ತಾರೆ, ಎರಡು ಗಂಟೆಯಲ್ಲಿ ಹುಳಿ ಬರುತ್ತದೆ. ಈ ಸೌಲಭ್ಯಕ್ಕೆ ತಾವು ಬೇರೆ ಹಣ ಕೇಳದಿರುವುದು ಕಣ್ತಪ್ಪಿನಿಂದ ಇರಬಹುದೆಂದು ಭಯಪಟ್ಟು ಇದುವರೆಗೆ ಬಾಯಿ ಬಿಟ್ಟಿರಲಿಲ್ಲ.

ನನ್ನ ಅಳಲು ಸೇತುವೆಯದು. ಡಬ್ಬದ ಮೇಲೆ ಕುದುರೆಯೊಂದು ಸೇತುವೆ ದಾಟಿ ಏಳನೇ ಊರಿಗೆ ಓಡುವ ಚಿತ್ರವಿದೆ. ನಮ್ಮ ಬೀದಿಯವರೂ ಹಾರೋಹಳ್ಳಿ ಫ್ಯಾಕ್ಟರಿಯಿಂದ ವಾರದ ರಜೆಗೆ ಬರುವವರೂ ಸೇರಿ ಇಪ್ಪತ್ತು ದಿನ ಓಡಿಸಿ ಕುದುರೆಯನ್ನು ಹೊಳೆಯ ದಡಕ್ಕೆ ತಂದರು. ಅಲ್ಲಿ ಸೇತುವೆ ಇರಲಿಲ್ಲ. ಸೇತುವೆ ಬೇಕಿದ್ದರೆ ಹಣ ಕಟ್ಟಿ ಡೌನ್‌ಲೋಡ್ ಮಾಡಿಕೊಳ್ಳಿ ಎಂಬ ಬರಹವಿತ್ತು. ನಮ್ಮ ತಾಲ್ಲೂಕಿನಲ್ಲಿಯೂ ಸೇತುವೆಯಿಲ್ಲದ ಹಳ್ಳಗಳಿವೆ. ಆದರೆ ಅವು ಯಾವುವೂ ಸೇತುವೆಯ ಚಿತ್ರ ತೋರಿಸಿ ನಮ್ಮನ್ನು ಕರೆದಿರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಮ್ಮ ಬೀದಿಯಲ್ಲಿ ಒಂದು ಪದ್ಧತಿಯಿದೆ. ಗೊಂಬೆಯ ಒಂದು ಭಾಗ ಬಿಟ್ಟುಹೋದರೆ, ಮಾಡಿದವನೇ ಅದನ್ನು ಕೊಂಡವರ ಮನೆಗೆ ಮುಟ್ಟಿಸಬೇಕು. ಒಮ್ಮೆ ಸಾತನೂರಿಗೆ ಹೋದ ಆಟದ ಗಾಡಿಗೆ ಒಂದು ಚಕ್ರ ಕಡಿಮೆಯಿತ್ತು. ಬಾಬಾಜಾನ್ ಸಾಬರು ಆ ಚಕ್ರವೊಂದನ್ನೇ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಆ ಮನೆಯವರು ಅಷ್ಟರಲ್ಲಿ ಕಾಫಿಪುಡಿ ಡಬ್ಬದ ಮುಚ್ಚಳ ಸಿಕ್ಕಿಸಿದ್ದರಂತೆ. ಅದನ್ನು ಕಿತ್ತು ಚಕ್ರ ಕೂಡಿಸಿ, ಮುಚ್ಚಳವನ್ನು ಡಬ್ಬಕ್ಕೆ ಹಾಕಿ, ಕಾಫಿ ಕುಡಿದು ಬಂದರು. ಇಂಥವರ ಕೈಕೆಳಗೆ ಕೆಲಸ ಕಲಿತ ನಾನು ತಮ್ಮನ್ನೂ ಅವರ ಜಾತಿಯ ಕಸುಬುದಾರರೆಂದೇ ತಿಳಿದೆ. ತಮಗೊಂದು ಕಾರ್ಡು ಬರೆದು ಹಾಕಿ, 'ಶುಕ್ರವಾರ ಸೇತುವೆ ಬರುತ್ತದೆ' ಎಂದು ಸಾಬರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಆ ಶುಕ್ರವಾರ ಇದೇ ವಾರದ್ದು.

ಅಂದಿನಿಂದ ದಿನವೂ ಅಂಚೆ ಕಚೇರಿಗೆ ಹೋಗಿ ಸೇತುವೆ ಬಂದಿದೆಯೇ ಎಂದು ಕೇಳುತ್ತಿದ್ದೇನೆ. ಅಲ್ಲಿನವರು ಈಗ ನನ್ನನ್ನು ಕಂಡರೆ ತಾವೇ ತಲೆಯಾಡಿಸುತ್ತಾರೆ. ದೊಡ್ಡಲಕ್ಷ್ಮಮ್ಮನವರಂತೂ, "ಏನ್ಲಾ ದೇವ, ಕುದ್ರೆ ಇನ್ನೂ ದಡದಲ್ಲೇ ನಿಂತೈತಾ? ಒಸಿ ಹುಲ್ಲಾದ್ರೂ ಹಾಕ್ಲಾ" ಎಂದು ಹೋಗುತ್ತ ಬರುತ್ತ ಹೇಳುತ್ತಾರೆ. ತಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ಕ್ರೆಡಿಟ್ ಕಾರ್ಡು ಕೇಳಿದರು. ನಮ್ಮ ಮನೆಯಲ್ಲಿರುವುದು ರೇಷನ್ ಕಾರ್ಡು. ಅದಕ್ಕೆ ಸೀಮೆಎಣ್ಣೆ ಕೊಡುತ್ತಾರೆ, ಸೇತುವೆ ಕೊಡುವುದಿಲ್ಲ.

ನನ್ನ ಪಾಡು ನೋಡಲಾರದೆ ಸಾಬರೇ ಟೇಪು ಹಿಡಿದು ಟಿ.ವಿ.ಯಲ್ಲಿನ ಹೊಳೆಯನ್ನು ಅಳೆದರು. ಗೊಂಬೆಗೆ ಬಳಸುವ ಆಲೆ ಮರದಲ್ಲಿ ಸೇತುವೆ ತಿರುಗಿಸಿ, ಕಂಬಕ್ಕೆ ಕೆಂಪು, ಕಟಕಟೆಗೆ ಹಳದಿ ಅರಗು ಹಿಡಿಸಿ ಗಾಜಿಗೆ ಅಂಟಿಸಿದರು. ಅಷ್ಟು ಚಂದದ ಸೇತುವೆ ತಮ್ಮಲ್ಲಿಯೂ ಇರಲಾರದು. ಕುದುರೆ ಮಾತ್ರ ಅದರ ಹಿಂದಿನಿಂದ ಹೋಗಿ ಎಂದಿನಂತೆ ಹೊಳೆಗೆ ಬಿತ್ತು. ಸಾಬರು ಬಹಳ ಹೊತ್ತು ನೋಡಿ, "ಅಳತೆ ಸರಿಯಾಗೇ ಐತೆ, ಕುದ್ರೆಗೇ ನಂಬ್ಕೆ ಇಲ್ಲ" ಎಂದರು.

ಪಂಕ್ಚರ್ ಅಂಗಡಿಯ ನನ್ನ ಗೆಳೆಯ ಇದ್ರೀಸ್ ಬೇರೊಂದು ದಾರಿ ತೋರಿಸಿದ. "ಲೇ, ಬೆಂಗ್ಳೂರಲ್ಲಿ ಪೆಟ್ಗೆಗೆ ಕಳ್ಳ ಚಿಪ್ ಹಾಕ್ಸ್ಬುಡ್ಲಾ, ಸೇತ್ವೆ ಏನು, ಹೊಳೇನೂ ಬಿಟ್ಟಿ ಬತ್ತದೆ." ಕದ್ದ ಸೇತುವೆಯ ಮೇಲೆ ಕುದುರೆ ಹತ್ತಿಸಿ, ಕಂಪನಿಯವರು ಕಳಿಸಿದರು ಎಂದು ಸಾಬರ ಬಾಗಿಲಲ್ಲಿ ನಿಂತು ಹೇಳುವುದು ನನ್ನಿಂದಾಗದು ಎಂದೆ. ಅವನು ನನ್ನನ್ನು ದಡ್ಡ ಎಂದ. ಅದರಲ್ಲಿ ನಾನು ತಕರಾರು ಮಾಡಲಿಲ್ಲ.

ಆದ್ದರಿಂದ ಮಾನ್ಯರಲ್ಲಿ ಬಿನ್ನಹ. ಶುಕ್ರವಾರದೊಳಗೆ ಸದರಿ ಸೇತುವೆಯನ್ನು ಯಾರ ಕೈಯಲ್ಲಾದರೂ ಮೈಸೂರಿನ ಬಸ್ಸಿಗೆ ಹಾಕಿ ಕಳಿಸಬೇಕು. ಚನ್ನಪಟ್ಟಣ ನಿಲ್ದಾಣದಲ್ಲಿ ಇಳಿಸಿಕೊಳ್ಳಲು ನಾಲ್ಕು ಆಳು ನಿಲ್ಲಿಸಿರುತ್ತೇನೆ. ಅದಾಗದಿದ್ದರೆ ಹೊಳೆಯ ನೀರನ್ನಾದರೂ ಒಂದು ದಿನ ಬತ್ತಿಸಿ ಕೊಟ್ಟರೆ ಕುದುರೆಯನ್ನು ನಡೆಸಿಕೊಂಡು ದಾಟಿಸುತ್ತೇವೆ. ಅದೂ ಕಷ್ಟವೆನಿಸಿದರೆ ಏಳನೇ ಊರನ್ನೇ ಈ ದಡಕ್ಕೆ ಸರಿಸಬಹುದು. ಇಷ್ಟು ದೊಡ್ಡ ಕಂಪನಿಗೆ ಒಂದು ಊರು ಎಷ್ಟರದು? ಇಲ್ಲವಾದರೆ ನಾನಾಡಿದ ಮಾತು ಸುಳ್ಳಾಗುತ್ತದೆ, ನನ್ನ ಕೋಣೆಯೂ ಹೋಗುತ್ತದೆ.

ದಡದ ಮೇಲೆ ಕುದುರೆಯೊಡನೆ ಕಾದಿರುವ
ತಮ್ಮ ವಿಶ್ವಾಸಿ,
ದೇವರಾಜು

ಮರೆತ ಮಾತು: ದಿನವೂ ಸೇತುವೆ ಕೇಳುವ ಭರದಲ್ಲಿ ಅಂಚೆ ಚೀಟಿ ಕೊಳ್ಳುವುದನ್ನೇ ಮರೆತೆ, ಅಷ್ಟರಲ್ಲಿ ಶುಕ್ರವಾರ ಕಳೆದು ಶನಿವಾರವಾಯಿತು. ಸೇತುವೆ ಬರಲಿಲ್ಲ. ಸಾಬರು, "ಸುಳ್ಳು ನಿಂದಲ್ಲ ಕಣಪ್ಪ, ಅವ್ರದ್ದು. ನೀನು ಇಲ್ಲೇ ಇರು" ಎಂದರು. ಆದರೆ ಬಾಗಿಲ ಮೇಲಿದ್ದ ಅಕ್ಷರ ನನ್ನದು. ಅದನ್ನು ಒರೆಸಿ, ಟಿ.ವಿ. ಹೊತ್ತುಕೊಂಡು ಹೊರಬಂದೆ. ಈಗ ಇದ್ರೀಸನ ಪಂಕ್ಚರ್ ಅಂಗಡಿಯಲ್ಲಿದ್ದೇನೆ, ದಯವಿಟ್ಟು ವಿಳಾಸ ತಿದ್ದಿಕೊಳ್ಳಬೇಕು. ಸೇತುವೆ ತರುವವರು ಬಂದಾಗ ಅಂಗಡಿ ಮುಚ್ಚಿದ್ದರೆ ಹೊರಗೆ ಗೋಡೆಗೆ ಒರಗಿಸಿ ಹೋಗಲಿ, ಭಯವಿಲ್ಲ. ಸೇತುವೆಯನ್ನು ಬಿಡಿಯಾಗಿ ಕದಿಯುವವರು ನಮ್ಮೂರಿನಲ್ಲಿಲ್ಲ. ಬಿಡಿಯಾಗಿ ಮಾರುವವರನ್ನು ಕಂಡದ್ದೂ ಇದೇ ಮೊದಲು.